ಟಿ.ವಿ. ಕಟ್ಟಿದ ಬೆಲೆ

2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಪರಿಚಿತರೊಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಮನೆಗೆ ಬಂದರು. ಅವರ ಮಗನಿಗೆ ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. ಬ್ಯಾಂಕಿನ ಸಾಲ ಮಂಜೂರಾಗಿತ್ತು, ಓಣಿಗೆಲ್ಲ ಪೇಡೆ ಹಂಚಿಯೂ ಆಗಿತ್ತು. ಆದರೆ ಅಂದು ಅವರ ಮುಖದಲ್ಲಿ ಕಳೆ ಇರಲಿಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಮೇಷ್ಟ್ರೇ, ಆ ಕಾಲೇಜಿದ್ದ ಕೂಟದಿಂದ ಹತ್ತು ಕಾಲೇಜುಗಳು ಎದ್ದು ಹೋಗಿವೆಯಂತೆ. ಇದೊಂದು, ಇನ್ನೊಂದು, ಎರಡೇ ಉಳಿದಿವೆಯಂತೆ. ಹಾಗಂದ್ರೆ ಮಾನ್ಯತೆ ಹೋಯ್ತು ಅಂತಲಾ? ನಾಳೆ ಡಿಗ್ರಿ ನಡೀತದೋ ಇಲ್ವೋ?"

ಅವರ ಆತಂಕ ಸಹಜವೇ. ನಮ್ಮಲ್ಲಿ ಒಂದು ಕಾಲೇಜಿನ ಸಂಯೋಜನೆ ರದ್ದಾಯಿತೆಂದರೆ ಮಕ್ಕಳು ಬೀದಿಗೆ ಬಿದ್ದಂತೆಯೇ. ಡಿಗ್ರಿಗೇನೂ ಭಯವಿಲ್ಲ, ಅದು ಫುಟ್‌ಬಾಲ್ ವಿಷಯ, ಪಾಠಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಹೇಳಿದೆ. ಅವರು ಹಗುರಾದರು. ಆದರೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಇನ್ನೊಂದು ಮಾತು ಕೇಳಿದರು. "ಅಲ್ಲ, ಫುಟ್‌ಬಾಲಿಗೆ ವಿಶ್ವವಿದ್ಯಾಲಯಗಳು ಯಾಕೆ ಮನೆ ಮುರಿದುಕೊಂಡವು?"

ಈ ಪ್ರಶ್ನೆಗೆ ಗೇಟಿನ ಬಳಿ ನಿಂತು ಉತ್ತರ ಹೇಳಲು ಸಾಧ್ಯವಿರಲಿಲ್ಲ. ಮಕ್ಕಳನ್ನು ಆ ದೇಶಕ್ಕೆ ಓದಲು ಕಳಿಸುವ ತಂದೆತಾಯಿಗಳು ಈಗ ಊರಿಗೆ ಹತ್ತಾರು ಮಂದಿ ಇದ್ದಾರಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಉಳಿದ ಎರಡು ಕಾಲೇಜುಗಳಲ್ಲಿ 'ಇನ್ನೊಂದು' ಎಂದರೆ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ. ನನ್ನ ಮಗಳು ಅಲ್ಲಿ ಬೆಳೆ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಳು. 2023ರ ಆಗಸ್ಟಿನಿಂದ ಮೂರು ತಿಂಗಳು ನಾನೂ ನನ್ನ ಹೆಂಡತಿಯೂ ಅವಳ ಜೊತೆಗಿದ್ದೆವು. ಊರಿನ ಹೆಸರು ಪುಲ್‌ಮನ್. ರಾಜ್ಯದ ಪೂರ್ವದ ಅಂಚಿನಲ್ಲಿ, ಪಕ್ಕದ ಐಡಾಹೊ ರಾಜ್ಯದ ಗಡಿಗೆ ತಾಗಿಕೊಂಡಂತಿದೆ. ದೊಡ್ಡ ಪಟ್ಟಣವಾದ ಸಿಯಾಟಲ್‌ಗೆ ನಾನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ. ಸುತ್ತ ಎತ್ತ ನೋಡಿದರೂ ಅಲೆ ಅಲೆಯಾಗಿ ಏರಿಳಿಯುವ ಗೋಧಿ ಗುಡ್ಡಗಳು. ನಾವು ಹೋದಾಗ ಕಟಾವು ಮುಗಿಯುತ್ತಾ ಬಂದಿತ್ತು, ಗುಡ್ಡಗಳೆಲ್ಲ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. "ನಮ್ಮ ಜಗಳೂರು ಕಡೆ ಹೊಲ ಎತ್ತಿ ಯಾರೋ ಗುಡ್ಡದ ಮೇಲೆ ಹಾಸಿದ ಹಾಗಿದೆ" ಎಂದಳು ನನ್ನಾಕೆ. ಊರಿನ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ಅದರಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳೇ. ಊರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರುವ ಜಾಗ ಸುಮಾರು 33 ಸಾವಿರ! ಅಂದರೆ ಮನೆಗಳಿಗೆಲ್ಲ ಬೀಗ ಹಾಕಿ ಊರಿಗೆ ಊರೇ ಹೋಗಿ ಕೂರಬಹುದು.

ಈ ಫುಟ್‌ಬಾಲ್ ನಾವು ತಿಳಿದಿರುವ ಕಾಲ್ಚೆಂಡಲ್ಲ. ಚೆಂಡು ಮಾವಿನಕಾಯಿಯಂತೆ ಎರಡೂ ಕಡೆ ಚೂಪು. ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹನ್ನೊಂದು ಮಂದಿ ಆ ಕಡೆ, ಹನ್ನೊಂದು ಮಂದಿ ಈ ಕಡೆ, ತಲೆಗೆ ಶಿರಸ್ತ್ರಾಣ, ಹೆಗಲಿಗೆ ದಿಂಬು ಕಟ್ಟಿಕೊಂಡು ನೂರು ಗಜದ ಮೈದಾನದಲ್ಲಿ ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಇಷ್ಟು ತಿಳಿದರೆ ಸಾಕು, ಉಳಿದದ್ದು ನನಗೂ ಪೂರ್ತಿ ಹತ್ತಿಲ್ಲ. ಆಗಸ್ಟ್ ಕೊನೆಯಿಂದ ಡಿಸೆಂಬರಿನವರೆಗೆ ಹೆಚ್ಚು ಕಡಿಮೆ ಪ್ರತಿ ಶನಿವಾರ ಕಾಲೇಜು ಆಟ. ಈ ಶನಿವಾರವನ್ನು ಕಾಲೇಜುಗಳಿಗೆಂದೇ ಕಾನೂನು ಕಾದಿರಿಸಿದೆ. ವೃತ್ತಿಪರ ತಂಡಗಳು ಆ ತಿಂಗಳುಗಳಲ್ಲಿ ಶುಕ್ರವಾರ ರಾತ್ರಿ, ಶನಿವಾರಗಳಂದು ತಮ್ಮ ಆಟವನ್ನು ಟಿ.ವಿ.ಗೆ ಮಾರಿದರೆ 1961ರ ಒಂದು ಕಾಯಿದೆ ಕೊಟ್ಟ ರಕ್ಷಣೆ ಕಳೆದುಕೊಳ್ಳುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣ 1,07,601 ಮಂದಿಗೆ ಜಾಗ ಕೊಡುತ್ತದೆ. ಅದು ಒಂದು ಕಾಲೇಜಿನ ಮೈದಾನ ಎಂಬುದನ್ನು ನೆನಪಿಡಿ.

ಇನ್ನು 'ಕಾನ್ಫರೆನ್ಸ್' ಎಂದರೆ ಒಟ್ಟಾಗಿ ಆಡುವ ಕಾಲೇಜುಗಳ ಕೂಟ. ನಮ್ಮ ಅಂತರ ಕಾಲೇಜು ಕ್ರೀಡಾಕೂಟಗಳಿಗೆ ವಲಯ ಮಾಡುವುದಿಲ್ಲವೇ, ಹಾಗೆ. ರೈಲಿನಲ್ಲಿ ಒಂದೆರಡು ರಾತ್ರಿಯೊಳಗೆ ಹೋಗಿ ಬರುವಷ್ಟು ದೂರದ ಕಾಲೇಜುಗಳು ಸೇರಿ ವೇಳಾಪಟ್ಟಿ ಹಾಕಿಕೊಳ್ಳುತ್ತಿದ್ದವು. ಪೆಸಿಫಿಕ್ ಕರಾವಳಿಯ ನಾಲ್ಕು ಕಾಲೇಜುಗಳು 1915ರಲ್ಲಿ ಪೋರ್ಟ್‌ಲೆಂಡ್ ನಗರದಲ್ಲಿ ಸೇರಿ ಹಾಕಿದ ಬುನಾದಿಯೇ ಮುಂದೆ ಬೆಳೆದು ಪ್ಯಾಕ್-12 ಎಂಬ ಹನ್ನೆರಡರ ಕೂಟವಾಯಿತು. ಆ ನಾಲ್ಕರಲ್ಲಿ ಆರೆಗನ್ ಸ್ಟೇಟ್ ಒಂದು. ವಾಷಿಂಗ್ಟನ್ ಸ್ಟೇಟ್ 1917ರಲ್ಲಿ ಸೇರಿತು. ನೂರು ವರ್ಷ ದಾಟಿದ ನೆರೆಹೊರೆ.

ಇದಕ್ಕೆ ಟಿ.ವಿ. ಹೇಗೆ ಬಂದು ಸೇರಿತು ಎಂಬುದರಲ್ಲಿ ಇಡೀ ಕಥೆಯ ಕೀಲಿ ಇದೆ. ಮೊದಲಿಗೆ ಎನ್.ಸಿ.ಎ.ಎ. ಎಂಬ ದೇಶವ್ಯಾಪಿ ಕ್ರೀಡಾ ಸಂಸ್ಥೆ ಟಿ.ವಿ.ಗೆ ಬಿಗಿಯಾದ ಬೇಲಿ ಹಾಕಿತ್ತು. ಜನ ಮನೆಯಲ್ಲೇ ಕೂತು ನೋಡಿದರೆ ಮೈದಾನಕ್ಕೆ ಬರುವವರು ಯಾರು ಎಂಬ ಹೆದರಿಕೆ. ಎಷ್ಟೇ ದೊಡ್ಡ ಕಾಲೇಜಾದರೂ ಎರಡು ವರ್ಷಕ್ಕೆ ಆರು ಸಲಕ್ಕಿಂತ ಹೆಚ್ಚು ಪರದೆಯ ಮೇಲೆ ಕಾಣಿಸಿಕೊಳ್ಳುವಂತಿರಲಿಲ್ಲ. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಇದು ಏಕಸ್ವಾಮ್ಯ ವಿರೋಧಿ ಕಾಯಿದೆಗೆ ವಿರುದ್ಧ ಎಂದು ಏಳು–ಎರಡರ ಬಹುಮತದಿಂದ ಬೇಲಿ ಕಿತ್ತು ಹಾಕಿತು. ಒಪ್ಪದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬೈರನ್ ವೈಟ್. ಅವರು ಸ್ವತಃ 1930ರ ದಶಕದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರರು. ಕಾಲೇಜು ಆಟವನ್ನು ಬರೀ ವ್ಯಾಪಾರವೆಂದು ನೋಡಬಾರದು, ಅದನ್ನು ಶಿಕ್ಷಣದ ಭಾಗವಾಗಿ ಉಳಿಸಿಕೊಳ್ಳುವುದಕ್ಕಾಗಿಯೇ ಈ ನಿರ್ಬಂಧಗಳಿವೆ ಎಂಬುದು ಅವರ ಭಿನ್ನಾಭಿಪ್ರಾಯದ ತಿರುಳು. ನ್ಯಾಯಪೀಠದಲ್ಲಿ ಆ ಆಟ ಆಡಿ ಹೆಸರು ಮಾಡಿದವರೇ ಹೀಗೆ ಹೇಳಿದರು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಬೇಲಿ ಹೋದ ಮೇಲೆ ಆಟ ಮಾರುವ ಹಕ್ಕು ಕಾಲೇಜುಗಳಿಗೂ ಅವುಗಳ ಕೂಟಗಳಿಗೂ ಬಂತು. ಒಂಟಿಯಾಗಿ ಮಾರುವುದಕ್ಕಿಂತ ಗುಂಪಾಗಿ ಮಾರಿದರೆ ಬೆಲೆ ಜಾಸ್ತಿ ಎಂಬುದು ಎ.ಪಿ.ಎಂ.ಸಿ. ಯಾರ್ಡಿಗೆ ಮೆಕ್ಕೆಜೋಳ ಹಾಕುವ ನಮ್ಮ ರೈತನಿಗೂ ಗೊತ್ತು. ಆದರೆ ಗುಂಪಿನಲ್ಲಿ ಯಾರಿರಬೇಕು? ನೆರೆಯವರೋ, ಬೆಲೆ ತರುವವರೋ? ಇಲ್ಲಿಂದ ಶುರುವಾಯಿತು ನೋಡಿ, ಒಂದು ಕೂಟದಿಂದ ಇನ್ನೊಂದಕ್ಕೆ ಹಾರುವ ಆಟ. ಟೆಕ್ಸಾಸಿನ ಹಳೆಯ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಕಣ್ಣು ಮುಚ್ಚಿತು. ಬಿಗ್ ಟೆನ್ ಎಂಬ ಕೂಟ 2007ರಲ್ಲಿ ತನ್ನದೇ ಚಾನೆಲ್ ತೆರೆಯಿತು. 2014ರಲ್ಲಿ ಅದು ರಟ್ಗರ್ಸ್ ಮತ್ತು ಮೇರಿಲೆಂಡ್ ವಿಶ್ವವಿದ್ಯಾಲಯಗಳನ್ನು ಒಳಗೆ ಕರೆದುಕೊಂಡಿತು. ಈ ಎರಡರ ಫುಟ್‌ಬಾಲ್ ತಂಡಗಳು ಅಂಥ ಘನವಾದವೇನಲ್ಲ. ಒಂದು ನ್ಯೂಯಾರ್ಕ್ ನಗರದ ಪಕ್ಕದಲ್ಲಿದೆ, ಇನ್ನೊಂದು ರಾಜಧಾನಿ ವಾಷಿಂಗ್ಟನ್ನಿನ ಪಕ್ಕದಲ್ಲಿದೆ. ಅಷ್ಟೇ ಅರ್ಹತೆ. ಆ ಮಹಾನಗರಗಳ ಲಕ್ಷಾಂತರ ಕೇಬಲ್ ಮನೆಗಳಿಂದ ತಿಂಗಳು ತಿಂಗಳು ಚಾನೆಲ್‌ಗೆ ದುಡ್ಡು ಬರುತ್ತದೆ, ಮನೆಯವರು ಆಟ ನೋಡಲಿ ಬಿಡಲಿ. ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ವಿಶ್ವವಿದ್ಯಾಲಯವನ್ನು ಅದರ ಅಕ್ಕಪಕ್ಕದ ಮನೆಗಳಲ್ಲಿರುವ ಟಿ.ವಿ. ಪೆಟ್ಟಿಗೆಗಳಿಂದ ಗುಣಿಸಿ ಬೆಲೆ ಕಟ್ಟುವ ಲೆಕ್ಕವನ್ನು ಎಲ್ಲೂ ಕಂಡಿರಲಿಲ್ಲ.

ಬೆಲೆಯ ಗಾತ್ರ ಎಷ್ಟೆಂದು ತಿಳಿಯಬೇಕೆ? 2022ರ ಜೂನ್‌ನಲ್ಲಿ ನಮ್ಮ ಐ.ಪಿ.ಎಲ್. ಪ್ರಸಾರ ಹಕ್ಕು ಐದು ವರ್ಷಕ್ಕೆ 48,390 ಕೋಟಿ ರೂಪಾಯಿಗೆ ಹೋದಾಗ ದೇಶವೇ ಬಾಯಿ ಮೇಲೆ ಬೆರಳಿಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಿಗ್ ಟೆನ್ ಕೂಟ ಫಾಕ್ಸ್, ಸಿ.ಬಿ.ಎಸ್., ಎನ್.ಬಿ.ಸಿ. ಚಾನೆಲ್‌ಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮಿಕ್ಕ ಒಪ್ಪಂದ ಮಾಡಿಕೊಂಡಿತು. ಅಂದಿನ ದರದಲ್ಲಿ ಸುಮಾರು 56 ಸಾವಿರ ಕೋಟಿ ರೂಪಾಯಿ. ವರ್ಷಕ್ಕೆ ಭಾಗಿಸಿ ನೋಡಿ: ಒಂದೇ ಒಂದು ಕಾಲೇಜು ಕೂಟ ನಮ್ಮ ಇಡೀ ಐ.ಪಿ.ಎಲ್.ನ ಹತ್ತಿರ ಬಂದು ನಿಲ್ಲುತ್ತದೆ.

ಪ್ಯಾಕ್-12 ಈ ಓಟದಲ್ಲಿ ಮೊದಲಿನಿಂದಲೂ ಹಿಂದೆ ಬಿದ್ದದ್ದಲ್ಲ. 2011ರಲ್ಲಿ ಇ.ಎಸ್.ಪಿ.ಎನ್. ಮತ್ತು ಫಾಕ್ಸ್ ಜೊತೆ ಹನ್ನೆರಡು ವರ್ಷಕ್ಕೆ ಸುಮಾರು 300 ಕೋಟಿ ಡಾಲರಿನ ಒಪ್ಪಂದಕ್ಕೆ ಬಂದಾಗ ಅದರ ಬಗ್ಗೆ ಎಲ್ಲರಿಗೂ ಅಸೂಯೆ. ಮರುವರ್ಷ ತನ್ನದೇ ಚಾನೆಲ್ ತೆರೆಯಿತು. ಯಾವ ದೊಡ್ಡ ಕಂಪನಿಯನ್ನೂ ಪಾಲಿಗೆ ಸೇರಿಸಿಕೊಳ್ಳಲಿಲ್ಲ. ದೊಡ್ಡ ಡಿಶ್ ಕಂಪನಿಯಾದ ಡೈರೆಕ್‌ಟಿ.ವಿ. ಆ ಚಾನೆಲನ್ನು ಕೊನೆಯವರೆಗೂ ಹಾಕಲೇ ಇಲ್ಲ. ಇದರ ಮೇಲೆ ಸೂರ್ಯನ ಕಾಟ ಬೇರೆ! ಪಶ್ಚಿಮ ಕರಾವಳಿಯಲ್ಲಿ ಸಂಜೆ ಏಳೂವರೆಗೆ ಆಟ ಶುರುವಾದರೆ ನ್ಯೂಯಾರ್ಕಿನಲ್ಲಿ ರಾತ್ರಿ ಹತ್ತೂವರೆ. ಮುಗಿಯುವ ಹೊತ್ತಿಗೆ ಪೂರ್ವದ ಕಡೆ ಎರಡು ಗಂಟೆ ಹತ್ತಿರ. ನೋಡುವವರು ಗೊರಕೆ ಹೊಡೆಯುತ್ತಿರುತ್ತಾರೆ. 2022ರ ಆರ್ಥಿಕ ವರ್ಷದಲ್ಲಿ ಈ ಕೂಟ ತನ್ನ ಒಂದೊಂದು ಕಾಲೇಜಿಗೆ ಹಂಚಿದ್ದು ಸುಮಾರು 3 ಕೋಟಿ 70 ಲಕ್ಷ ಡಾಲರ್. ಬಿಗ್ ಟೆನ್ ಹಂಚಿದ್ದು 5 ಕೋಟಿ 80 ಲಕ್ಷಕ್ಕೂ ಹೆಚ್ಚು.

2022ರ ಜೂನ್ 30ರಂದು ಲಾಸ್ ಏಂಜಲೀಸಿನ ಎರಡು ವಿಶ್ವವಿದ್ಯಾಲಯಗಳು, ಯು.ಎಸ್.ಸಿ. ಮತ್ತು ಯು.ಸಿ.ಎಲ್.ಎ., ಬಿಗ್ ಟೆನ್‌ಗೆ ಹೋಗುವುದಾಗಿ ಪ್ರಕಟಿಸಿದವು. ಉಳಿದವು ವರ್ಷವಿಡೀ ಹೊಸ ಟಿ.ವಿ. ಒಪ್ಪಂದಕ್ಕಾಗಿ ಕಾದವು. ಕೊನೆಗೆ ಆಪಲ್ ಕಂಪನಿ ಒಂದು ಪ್ರಸ್ತಾಪ ತಂದಿತು: ಇಂಟರ್‌ನೆಟ್ಟಿನಲ್ಲಿ ತೋರಿಸುತ್ತೇವೆ, ಚಂದಾದಾರರು ಹೆಚ್ಚಿದಂತೆ ನಿಮ್ಮ ಪಾಲೂ ಹೆಚ್ಚುತ್ತದೆ. ಚಂದಾದಾರರು ಬಾರದಿದ್ದರೆ? ಆ ಪ್ರಶ್ನೆಗೆ ಹೆದರಿ 2023ರ ಆಗಸ್ಟ್ 4ರಂದು, ಒಂದೇ ದಿನದಲ್ಲಿ, ಐದು ವಿಶ್ವವಿದ್ಯಾಲಯಗಳು ಎದ್ದು ಹೋದವು. ಸಿಯಾಟಲ್ಲಿನ ವಾಷಿಂಗ್ಟನ್ ಮತ್ತು ಆರೆಗನ್ ಬಿಗ್ ಟೆನ್‌ಗೆ, ಅದೂ ಪೂರ್ತಿ ಪಾಲಲ್ಲ, ಕಡಿಮೆ ಪಾಲಿಗೆ. ಅರಿಜೋನಾದ ಎರಡು ಮತ್ತು ಯೂಟಾ ಬಿಗ್ ಟ್ವೆಲ್ವ್ ಎಂಬ ಕೂಟಕ್ಕೆ. ಕೊಲರಾಡೊ ಒಂದು ವಾರ ಮೊದಲೇ ಅಲ್ಲಿಗೆ ಹೊರಟಿತ್ತು. ಸೆಪ್ಟೆಂಬರ್ 1ರಂದು ಸ್ಟಾನ್‌ಫರ್ಡ್ ಮತ್ತು ಬರ್ಕ್‌ಲಿ ಕೂಡ ಜಾಗ ಹುಡುಕಿಕೊಂಡವು. ಎಲ್ಲಿ ಗೊತ್ತೆ? ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ. ಪೆಸಿಫಿಕ್ ದಂಡೆಯ ಕಾಲೇಜುಗಳು ಅಟ್ಲಾಂಟಿಕ್ ಕರಾವಳಿಯ ಕೂಟದಲ್ಲಿ! ಭೂಗೋಳದ ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಅಂದಹಾಗೆ, ಬಿಗ್ ಟೆನ್ ಎಂದರೆ ಹೆಸರಿನಲ್ಲಿ ಹತ್ತು. 2024ರಿಂದ ಅದರಲ್ಲಿರುವುದು ಹದಿನೆಂಟು. ಬಿಗ್ ಟ್ವೆಲ್ವ್‌ನಲ್ಲಿ ಹದಿನಾರು.

ನಾವು ಪುಲ್‌ಮನ್‌ಗೆ ಇಳಿದದ್ದು ಈ ಗಲಾಟೆಯ ನಡುವೆ. ಮಗಳ ಮನೆಯೊಡತಿ ಅರವತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ, ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಂಗಳದಲ್ಲಿ ಕೆಂಪು ಬಾವುಟ. ಅವರ ಗಂಡ ತೀರಿಕೊಂಡು ಆರು ವರ್ಷವಾಗಿತ್ತಂತೆ, ಕ್ರೀಡಾಂಗಣದಲ್ಲಿ ಎರಡು ಸೀಟುಗಳ ವಾರ್ಷಿಕ ಟಿಕೆಟ್ ಮಾತ್ರ ಬಿಟ್ಟಿರಲಿಲ್ಲ. "ನಮ್ಮಣ್ಣ ಸಿಯಾಟಲ್ಲಿನಲ್ಲಿದ್ದಾನೆ, ಅವನು ಆ ಕಡೆಯ ಕಾಲೇಜು" ಎಂದು ಒಂದು ಸಂಜೆ ಹೇಳಿದರು. ವಾಷಿಂಗ್ಟನ್ ಮತ್ತು ವಾಷಿಂಗ್ಟನ್ ಸ್ಟೇಟ್ ನಡುವಿನ ಆಟ 1900ರಲ್ಲಿ ಶುರುವಾದದ್ದು, 'ಆಪಲ್ ಕಪ್' ಎಂದು ಹೆಸರು. ಒಂದೇ ಮನೆಯಲ್ಲಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ವರ್ಷಕ್ಕೊಮ್ಮೆ ಜಗಳ, ಆಮೇಲೆ ಊಟ. ಈಗ ಅಣ್ಣನ ಕಾಲೇಜು ಬೇರೆ ಮನೆ ಹೂಡಿದೆ. ಆಪಲ್ ಕಪ್ 2028ರವರೆಗೆ ನಡೆಸಲು ಎರಡೂ ಕಡೆಯವರು ಆಮೇಲೆ ಒಪ್ಪಿಕೊಂಡರು, ಅಷ್ಟು ಮಟ್ಟಿಗೆ ಪುಣ್ಯ. ಒಕ್ಲಹೋಮ ಮತ್ತು ಒಕ್ಲಹೋಮ ಸ್ಟೇಟ್ ನಡುವಿನ ನೂರು ವರ್ಷ ಮೀರಿದ ಸ್ಪರ್ಧೆಗೆ ಆ ಪುಣ್ಯವೂ ಇರಲಿಲ್ಲ. ಒಕ್ಲಹೋಮ ಹೊಸ ಕೂಟಕ್ಕೆ ಹೊರಟದ್ದರಿಂದ 2023ರ ನವೆಂಬರಿಗೆ ವರ್ಷ ವರ್ಷ ನಡೆಯುತ್ತಿದ್ದ ಆ ಆಟ ನಿಂತಿತು.

ಸೆಪ್ಟೆಂಬರ್ 23ರಂದು ಉಳಿದ ಇಬ್ಬರ ನಡುವೆಯೇ ಪುಲ್‌ಮನ್ನಿನಲ್ಲಿ ಆಟ. ಯಾರಿಗೂ ಬೇಡವಾದ ಎರಡು ಕಾಲೇಜುಗಳ ಪಂದ್ಯ ಎಂದು ಜನರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಮನೆಯೊಡತಿ ತಮ್ಮ ಎರಡನೆಯ ಸೀಟು ನನಗೆ ಕೊಟ್ಟರು. ನನ್ನ ಎಡಗಡೆ ಆರೆಗನ್ ಸ್ಟೇಟಿನ ಕಿತ್ತಳೆ ಅಂಗಿ ತೊಟ್ಟ ಅಪ್ಪ–ಮಗ. ಎದುರು ಪಕ್ಷದವರು ಎಂಬ ಮುನಿಸೇ ಕಾಣಲಿಲ್ಲ. ಸಾವಿನ ಮನೆಯಲ್ಲಿ ದಾಯಾದಿಗಳು ಒಂದಾಗುತ್ತಾರಲ್ಲ, ಆ ಥರ. ವಾಷಿಂಗ್ಟನ್ ಸ್ಟೇಟ್ 38–35ರಿಂದ ಗೆದ್ದಿತು. ಕೊನೆಯ ಹತ್ತು ನಿಮಿಷ, ನಿಯಮ ಅರ್ಧ ತಿಳಿಯದ ನಾನೂ ಎದ್ದು ನಿಂತೇ ನೋಡಿದೆ.

ಆಟಕ್ಕಿಂತ ನನ್ನನ್ನು ಹಿಡಿದದ್ದು ಆಟ ನಿಲ್ಲುತ್ತಿದ್ದ ರೀತಿ. ಎಲ್ಲ ಸಿದ್ಧವಾಗಿದೆ, ಆಟಗಾರರು ಮೈದಾನದಲ್ಲಿದ್ದಾರೆ, ಆದರೆ ಏನೂ ನಡೆಯುತ್ತಿಲ್ಲ. ಎರಡೆರಡು ನಿಮಿಷ, ಮೂರು ಮೂರು ನಿಮಿಷ ಸುಮ್ಮನೆ ನಿಂತಿದ್ದಾರೆ. "ಏನಾಯ್ತು, ಯಾರಿಗಾದರೂ ಪೆಟ್ಟಾಯ್ತೆ?" ಎಂದೆ. "ಇಲ್ಲ, ಜಾಹೀರಾತು" ಎಂದರು ಮನೆಯೊಡತಿ. ಮೈದಾನದ ಅಂಚಿನಲ್ಲಿ ಟಿ.ವಿ. ಕಡೆಯವನೊಬ್ಬ ನಿಂತಿರುತ್ತಾನೆ. ಅವನು ಸನ್ನೆ ಮಾಡುವವರೆಗೆ ಆಟ ಮತ್ತೆ ಶುರುವಾಗುವುದಿಲ್ಲ. ಹತ್ತಾರು ಸಾವಿರ ಜನ ಬಿಸಿಲಲ್ಲಿ ಕೂತು ತಾವು ನೋಡದ ಜಾಹೀರಾತು ಮುಗಿಯಲೆಂದು ಕಾಯುತ್ತಾರೆ! ಅಷ್ಟೇ ಅಲ್ಲ, ಬಹುಪಾಲು ಆಟಗಳು ಎಷ್ಟು ಗಂಟೆಗೆ ಎಂಬುದನ್ನು ಟಿ.ವಿ.ಯವರು ಹನ್ನೆರಡು ದಿನ, ಕೆಲವೊಮ್ಮೆ ಆರೇ ದಿನ ಮುಂಚೆ ಹೇಳುತ್ತಾರೆ. ನಮ್ಮಲ್ಲಿ ಮುಹೂರ್ತ ಇಡುವ ಪುರೋಹಿತರಾದರೂ ಮೂರು ತಿಂಗಳು ಮುಂಚೆ ಹೇಳುತ್ತಾರೆ ಎಂದು ನನ್ನಾಕೆ ನಕ್ಕಳು. ನಾನೂರೈವತ್ತು ಕಿಲೋಮೀಟರಿನಿಂದ ಕಾರು ಓಡಿಸಿಕೊಂಡು ಬರುವ ಹಳೆಯ ವಿದ್ಯಾರ್ಥಿ ಆ ರಾತ್ರಿ ಉಳಿಯಬೇಕೋ, ಹಿಂದಿರುಗಬೇಕೋ ಎಂದು ನಿರ್ಧರಿಸುವುದು ಟಿ.ವಿ.

ಮಗಳು ಕೆಲಸ ಮಾಡುತ್ತಿದ್ದ ವಿಭಾಗಕ್ಕೆ ಮಾರನೆಯ ವಾರ ಹೋಗಿದ್ದೆ. ಅಲ್ಲಿ ಹೇಳಬೇಕಾದ ಒಂದು ಹೆಸರಿದೆ, ಆರ್ವಿಲ್ ವೋಗಲ್. ಎರಡನೆಯ ಮಹಾಯುದ್ಧದ ನಂತರ ಜಪಾನಿನಿಂದ ಬಂದ 'ನೋರಿನ್ 10' ಎಂಬ ಗಿಡ್ಡ ಗೋಧಿಯನ್ನು ಸ್ಥಳೀಯ ತಳಿಯೊಂದಿಗೆ ಪುಲ್‌ಮನ್ನಿನಲ್ಲಿ ಸಂಕರಗೊಳಿಸಿದವರು ಅವರು. ಆ ಬೀಜವನ್ನು 1950ರ ದಶಕದ ಆರಂಭದಲ್ಲಿ ಮೆಕ್ಸಿಕೋದಲ್ಲಿದ್ದ ನಾರ್ಮನ್ ಬೊರ್ಲಾಗ್‌ಗೆ ಕಳಿಸಿಕೊಟ್ಟರು. ತೆನೆಯ ಭಾರಕ್ಕೆ ಬಾಗದ ಗಿಡ್ಡ ತಳಿಗಳು ಅಲ್ಲಿ ಬೆಳೆದು ಬಂದವು. 1966ರಲ್ಲಿ ಭಾರತ ಮೆಕ್ಸಿಕೋದಿಂದ 18 ಸಾವಿರ ಟನ್ ಬಿತ್ತನೆ ಗೋಧಿ ತರಿಸಿತು. ಮುಂದಿನದು ಪಠ್ಯಪುಸ್ತಕದಲ್ಲಿ ನೀವು ಓದಿದ ಹಸಿರು ಕ್ರಾಂತಿ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ನನ್ನ ಪೀಳಿಗೆಯವನಿಗೆ ಈ ಸಂಗತಿ ಬರೀ ಮಾಹಿತಿಯಲ್ಲ. ಅದೇ ಆವರಣದಲ್ಲಿ ಪತ್ರಿಕೋದ್ಯಮ ಕಲಿಸುವ ಕಾಲೇಜಿಗೆ ಎಡ್ವರ್ಡ್ ಮರೋ ಅವರ ಹೆಸರಿದೆ. 1930ರಲ್ಲಿ ಇಲ್ಲಿಂದ ಪದವಿ ಪಡೆದು ಹೋದ ಮರೋ ಸಿ.ಬಿ.ಎಸ್.ನಲ್ಲಿ ಅಮೆರಿಕದ ಟಿ.ವಿ. ಪತ್ರಿಕೋದ್ಯಮಕ್ಕೇ ಬೆನ್ನೆಲುಬು ಕೊಟ್ಟವರು. ಟಿ.ವಿ. ಬರೀ ಮನರಂಜನೆಯ, ಲಾಭದ ಪೆಟ್ಟಿಗೆಯಾಗುತ್ತಿದೆ ಎಂದು 1958ರಷ್ಟು ಹಿಂದೆಯೇ ತಮ್ಮ ವೃತ್ತಿಬಾಂಧವರ ಮುಂದೆ ನಿಂತು ಎಚ್ಚರಿಸಿದವರು ಕೂಡ. ಅವರ ಸಿ.ಬಿ.ಎಸ್. ಬಿಗ್ ಟೆನ್‌ಗೆ ಹಣ ಸುರಿದ ಮೂರರಲ್ಲಿ ಒಂದು. ಅವರ ಕಾಲೇಜು ಹೊರಗುಳಿದ ಎರಡರಲ್ಲಿ ಒಂದು. ಸುತ್ತ ಗೋಧಿ ಹೊಲವಿದ್ದರೆ ಟಿ.ವಿ. ಪೆಟ್ಟಿಗೆ ಎಲ್ಲಿಂದ ಬರಬೇಕು?

ಇದರಲ್ಲಿ ವಿದ್ಯಾರ್ಥಿಗಳಿಗೆ ಏನಾಯಿತು ಎಂಬುದೇ ನಾವು ಕೇಳಬೇಕಾದದ್ದು. ಫುಟ್‌ಬಾಲ್ ತಂಡ ವರ್ಷಕ್ಕೆ ಹನ್ನೆರಡು ಆಟ ಆಡುತ್ತದೆ, ವಿಶೇಷ ವಿಮಾನದಲ್ಲಿ ಹೋಗಿ ಬರುತ್ತದೆ. ಆದರೆ ಕಾಲೇಜು ಕೂಟ ಬದಲಿಸಿದರೆ ಸಾಮಾನ್ಯವಾಗಿ ವಾಲಿಬಾಲ್, ಸಾಫ್ಟ್‌ಬಾಲ್, ಟೆನಿಸ್ ಆಡುವ ಹುಡುಗಿಯರೂ ಜೊತೆಗೇ ಹೋಗಬೇಕು. ಅವರ ಆಟಗಳು ವಾರದ ನಡುವೆಯೂ ಇರುತ್ತವೆ. ಲಾಸ್ ಏಂಜಲೀಸಿನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ಹತ್ತಿರ ಹತ್ತಿರ 3,900 ಕಿಲೋಮೀಟರ್, ಮೂರು ಗಂಟೆಯ ಸಮಯ ವ್ಯತ್ಯಾಸ. ನಮ್ಮ ದೇಶ ಉತ್ತರದ ತುದಿಯಿಂದ ದಕ್ಷಿಣದ ತುದಿಗೇ 3,214 ಕಿಲೋಮೀಟರ್. ಈ ಹುಡುಗಿಯರು ಪ್ರಯೋಗಾಲಯದ ಪಾಠಕ್ಕೆ ಹಾಜರಾಗುವುದು ಯಾವಾಗ? ಅವರ ಆಟವನ್ನು ಟಿ.ವಿ. ಕೇಳಿಯೂ ಇರಲಿಲ್ಲ. ಸ್ಟಾನ್‌ಫರ್ಡನ್ನೇ ನೋಡಿ, ನಮ್ಮ ಮಕ್ಕಳು ಹೆಸರು ಕೇಳಿದರೆ ಕೈ ಮುಗಿಯುವ ವಿಶ್ವವಿದ್ಯಾಲಯ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಅಲ್ಲಿ ಓದಿದ, ಓದುತ್ತಿದ್ದ ಕ್ರೀಡಾಪಟುಗಳು ಗೆದ್ದ ಪದಕ 39. ಆದರೆ ಟಿ.ವಿ. ಸಂತೆಯಲ್ಲಿ ಅದು ಮೂರನೇ ಒಂದರಷ್ಟು ಪಾಲಿಗೆ ತಲೆಯಾಡಿಸಿ ಒಳಗೆ ಹೋಗಬೇಕಾಯಿತು. ಯು.ಸಿ.ಎಲ್.ಎ. ಹೋದದ್ದರಿಂದ ತನ್ನ ಸೋದರ ಸಂಸ್ಥೆ ಬರ್ಕ್‌ಲಿಗೆ ನಷ್ಟವಾಯಿತೆಂದು ಎರಡನ್ನೂ ನಡೆಸುವ ಆಡಳಿತ ಮಂಡಳಿ, ಮೂರು ವರ್ಷ ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡಬೇಕೆಂದು 2024ರಲ್ಲಿ ತೀರ್ಮಾನಿಸಿತು. ಜನ ಅದಕ್ಕೆ 'ಜೀವನಾಂಶ' ಎಂದು ಹೆಸರಿಟ್ಟರು. ಸರಿಯಾದ ಹೆಸರೇ.

ಬಿಟ್ಟುಹೋದವರನ್ನು ಬೈಯುವುದು ಸುಲಭ. ಅವರದೂ ಒಂದು ಮಾತಿದೆ. ಈಜು, ಜಿಮ್ನಾಸ್ಟಿಕ್ಸ್, ಹುಟ್ಟುಹಾಕುವ ಸ್ಪರ್ಧೆ ಇವೆಲ್ಲ ನಡೆಯುವುದು ಬಹುಮಟ್ಟಿಗೆ ಫುಟ್‌ಬಾಲ್ ದುಡ್ಡಿನಲ್ಲೇ. ಯು.ಸಿ.ಎಲ್.ಎ. ಕ್ರೀಡಾ ವಿಭಾಗ ಸಾಲದಲ್ಲಿ ಮುಳುಗಿತ್ತು, ಹೋಗದಿದ್ದರೆ ಕೆಲವು ಕ್ರೀಡೆಗಳನ್ನೇ ಮುಚ್ಚಬೇಕಾಗುತ್ತಿತ್ತು ಎಂದರು. ಇನ್ನೊಂದು ಸಂಗತಿ, ದಶಕಗಳ ಕಾಲ ತರಬೇತುದಾರರಿಗೆ ಕೋಟಿ ಕೋಟಿ ಸಂಬಳ, ಆಡಿ ಮೂಳೆ ಮುರಿದುಕೊಳ್ಳುವ ಹುಡುಗನಿಗೆ ವಿದ್ಯಾರ್ಥಿ ವೇತನ ಮಾತ್ರ ಎಂಬ ಅನ್ಯಾಯವಿತ್ತು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಮೊದಲ ವರ್ಷಕ್ಕೆ ಒಂದು ಕಾಲೇಜು ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಇದು ನ್ಯಾಯವೇ. ಟಿ.ವಿ. ದುಡ್ಡು ಬಾರದ ಕಾಲೇಜು ಅಷ್ಟನ್ನು ಎಲ್ಲಿಂದ ತರಬೇಕು ಎಂಬುದು ಮಾತ್ರ ಅದರ ಬೆನ್ನಿಗೇ ಬರುವ ಪ್ರಶ್ನೆ. ಹಲವು ಕಾಲೇಜುಗಳಲ್ಲಿ ಆಟ ನೋಡದ ವಿದ್ಯಾರ್ಥಿಯ ಶುಲ್ಕದಲ್ಲೂ ಕ್ರೀಡಾ ವಿಭಾಗಕ್ಕೊಂದು ಪಾಲು ಸೇರಿರುತ್ತದೆ. ಮಕ್ಕಳನ್ನು ಕಳಿಸುವವರು ಶುಲ್ಕದ ಪಟ್ಟಿಯನ್ನು ಸಾಲು ಸಾಲಾಗಿ ಓದಿ ಎಂದು ನಾನು ಹೇಳುವುದು ಇದಕ್ಕೇ. ನಮ್ಮ ಕಿವಿಗೆ ಪರಿಚಿತವಾದ ಎಷ್ಟೋ ಹೆಸರುಗಳು ಪರಿಚಿತವಾದದ್ದು ಶನಿವಾರದ ಟಿ.ವಿ.ಯಿಂದ ಎಂಬುದೂ ನೆನಪಿರಲಿ. ಮಗ ಸೇರುವ ವಿಭಾಗದಲ್ಲಿ ಯಾರು ಕಲಿಸುತ್ತಾರೆ, ಪ್ರಯೋಗಾಲಯ ಹೇಗಿದೆ, ಹೋದ ವರ್ಷ ಮುಗಿಸಿದವರು ಎಲ್ಲಿದ್ದಾರೆ ಎಂದು ಕೇಳಿದರೆ ಸಿಗುವ ಉತ್ತರಕ್ಕೂ ಆ ಹೆಸರಿಗೂ ತಾಳೆಯಾಗಬೇಕೆಂದಿಲ್ಲ. ಪೇಡೆ ಹಂಚಿದ ನನ್ನ ಪರಿಚಿತರ ಮಗ ಆರೆಗನ್ ಸ್ಟೇಟಿಗೇ ಹೋದ, ಚೆನ್ನಾಗಿಯೇ ಓದುತ್ತಿದ್ದಾನೆ.

ಉಳಿದ ಇಬ್ಬರು ಕೈಕಟ್ಟಿ ಕೂರಲಿಲ್ಲ. ಪುಲ್‌ಮನ್ನಿನ ಪಕ್ಕದ ಕೋಲ್‌ಫ್ಯಾಕ್ಸ್ ಎಂಬ ಸಣ್ಣ ಊರಿನ ಕೋರ್ಟಿನಲ್ಲಿ ದಾವೆ ಹೂಡಿ, ಕೂಟದ ಆಡಳಿತ ತಮ್ಮದೇ ಎಂದು ಗೆದ್ದುಕೊಂಡರು. ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೋ ಸ್ಟೇಟ್ ಮೊದಲಾದ ಹೊಸಬರನ್ನು ಸೇರಿಸಿಕೊಂಡು 2026ರ ಜುಲೈನಿಂದ ಕೂಟ ಕಟ್ಟಲು ಹೊರಟರು. ಆ ಹೊಸಬರಲ್ಲಿ ಐವರು ಮೌಂಟನ್ ವೆಸ್ಟ್ ಎಂಬ ಇನ್ನೊಂದು ಕೂಟದಿಂದ ಬಂದವರು. ತಮಗೆ ಆದದ್ದನ್ನೇ ಇನ್ನೊಬ್ಬರಿಗೆ ಮಾಡಿದರು ಎಂದರೆ ತಪ್ಪಲ್ಲ, ಆದರೆ ಅವರಿಗೆ ಬೇರೆ ದಾರಿಯೂ ಕಾಣಲಿಲ್ಲ.

2025ರ ಜೂನ್‌ನಲ್ಲಿ ವಾಷಿಂಗ್ಟನ್ ಸ್ಟೇಟ್ ಇನ್ನೊಂದು ಪ್ರಕಟಣೆ ಹೊರಡಿಸಿತು. ಅಥ್ಲೆಟಿಕ್ಸಿನಲ್ಲಿ ಜಿಗಿತ, ಎಸೆತದ ಸ್ಪರ್ಧೆಗಳನ್ನು ಕೈಬಿಟ್ಟು ಇನ್ನು ಮುಂದೆ ಮುಖ್ಯವಾಗಿ ದೂರದ ಓಟಕ್ಕೆ ಮಾತ್ರ ಗಮನ. ಸುದ್ದಿಯನ್ನು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನೆನಪಾದದ್ದು ಮನೆಯೊಡತಿಯ ನಡುಮನೆಯಲ್ಲಿದ್ದ ಪತ್ರಿಕೆಯ ತುಣುಕು. ಗಾಜು ಹಾಕಿಸಿದ್ದರು, ಹಾಳೆ ಹಳದಿಗಟ್ಟಿತ್ತು. ಅದರಲ್ಲಿದ್ದದ್ದು ಹೆನ್ರಿ ರೋನೋ, ಕೆನ್ಯಾದಿಂದ ಬಂದು ಅಲ್ಲಿ ಓದುತ್ತಿದ್ದ ಹುಡುಗ. 1978ರಲ್ಲಿ 81 ದಿನಗಳ ಒಳಗೆ ನಾಲ್ಕು ವಿಶ್ವದಾಖಲೆ ಮುರಿದವರು. ಮನೆಯೊಡತಿ ಆಗ ಅಲ್ಲಿ ವಿದ್ಯಾರ್ಥಿನಿ.

"ಎಲ್ಲಿ ಓಡುತ್ತಿದ್ದರು, ಆ ದೊಡ್ಡ ಕ್ರೀಡಾಂಗಣದಲ್ಲೇ?" ಎಂದು ಕೇಳಿದ್ದೆ.

ಅವರು ಕಿಟಕಿಯ ಆಚೆ ಕೈ ತೋರಿಸಿದರು. ಗುಡ್ಡದ ನಡುವೆ ಹೋಗುವ ಮಣ್ಣಿನ ದಾರಿ. ಬೆಳಿಗ್ಗೆ ಕ್ಲಾಸಿಗೆ ಹೋಗುವಾಗ ಆ ಏರಿನಲ್ಲಿ ಒಬ್ಬರೇ ಓಡುತ್ತಾ ಕಾಣಿಸುತ್ತಿದ್ದರಂತೆ. ಗೋಧಿ ಕಟಾವಿನ ಯಂತ್ರ ಎದುರು ಬಂದರೆ ಪಕ್ಕಕ್ಕೆ ಸರಿದು, ಅದು ದಾಟಿದ ಮೇಲೆ ಮತ್ತೆ ಓಡುತ್ತಿದ್ದರಂತೆ.